ಚರ್ಚ್ ಅಂಗಳದಲ್ಲಿ ಊರವರ ತೋಟ: ಮೊದಲು ಮಾರ್ಚ್ ತಿಂಗಳ ನೀರು, ಆಮೇಲೆ ಗಿಡ

ಕೆಲವು ವರ್ಷದ ಹಿಂದೆ ನಮ್ಮ ಚರ್ಚ್ ಅಂಗಳದಲ್ಲಿ ಒಂದೇ ದಿನ 40 ಗಿಡ ನೆಟ್ಟೆವು. ಜುಲೈ ಮೊದಲ ವಾರ, ವನಮಹೋತ್ಸವ. ಪೂಜೆ ಮುಗಿದದ್ದೇ ಎಲ್ಲರೂ ಕೊಡೆ ಹಿಡಿದುಕೊಂಡು ಹೊರಗೆ ಬಂದರು. ಫೋಟೊ ಆಯಿತು, ಚಹಾ-ಅಂಬಡೆ ಆಯಿತು. ಮುಂದಿನ ಏಪ್ರಿಲ್‌ನಲ್ಲಿ ಎಣಿಸಿ ನೋಡಿದರೆ ಬದುಕಿದ್ದು 3. ಅದರಲ್ಲೂ ಒಂದು ಯಾರೂ ನೆಡದ ಗೇರು ಗಿಡ, ತನ್ನಷ್ಟಕ್ಕೇ ಹುಟ್ಟಿದ್ದು.

ಗಿಡ ಸತ್ತದ್ದು ಮಣ್ಣಿನ ದೋಷದಿಂದಲ್ಲ. ಜೂನ್‌ನಲ್ಲಿ ನಮ್ಮ ಕರಾವಳಿಯಲ್ಲಿ ಕೋಲು ಊರಿದರೂ ಚಿಗುರುತ್ತದೆ. ಮಾರ್ಚ್‌ನಲ್ಲಿ ನೀರು ಹೊಯ್ಯುವವರು ಯಾರು ಅಂತ ನಾವು ಯಾರೂ ಕೇಳಿಕೊಂಡಿರಲಿಲ್ಲ, ಅಷ್ಟೆ. ಎರಡನೇ ಸಲ ಕೆಲಸ ಹಿಂದುಮುಂದು ಮಾಡಿದೆವು. ಮೊದಲು ನೀರು, ಆಮೇಲೆ ಜನ, ಆಮೇಲೆ ಕೂರುವ ಜಾಗ, ಕೊನೆಗೆ ಗಿಡ. ಇಲ್ಲಿ ಬರೆದಿರುವುದೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ.

ದಕ್ಷಿಣ ಕನ್ನಡ, ಉಡುಪಿ ಕಡೆಯ ಚರ್ಚ್‌ಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದೇನೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ, ನಾಲ್ಕು ತಿಂಗಳು ಜಡಿಮಳೆ, ಆಮೇಲೆ ಒಣಗಿದ ಬೇಸಿಗೆ. ಮೈಸೂರು, ಹಾಸನ, ಬೆಂಗಳೂರು ಕಡೆಯವರು ತಿಂಗಳುಗಳನ್ನು ನಿಮ್ಮ ಮಳೆಗೆ ಹೊಂದಿಸಿಕೊಳ್ಳಿ. ಉಳಿದದ್ದು ಅಷ್ಟೇನೂ ಬದಲಾಗುವುದಿಲ್ಲ.

ಒಪ್ಪಿಗೆ ಬಾಯಲ್ಲಿ ಬೇಡ, ಪುಸ್ತಕದಲ್ಲಿ ಇರಲಿ

ಫಾದರ್ "ಆಯ್ತು, ಮಾಡಿ" ಅಂದರೆ ಸಾಲದು. ಫಾದರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ. ಮುಂದೆ ಬರುವವರಿಗೆ ಆ ಜಾಗದಲ್ಲಿ ಹಾಲ್ ಕಟ್ಟಬೇಕು ಅಂತ ಅನಿಸಬಹುದು, ಪಾರ್ಕಿಂಗ್ ಬೇಕು ಅನಿಸಬಹುದು. ನನಗೆ ಗೊತ್ತಿರುವ ಒಂದು ಕಡೆ ಎಂಟು ವರ್ಷದ ಪುನರ್ಪುಳಿ (ಕೋಕಂ) ಸಾಲು ಇಂಟರ್‌ಲಾಕ್ ಕಲ್ಲುಹಾಸಿನ ಅಡಿಗೆ ಹೋಯಿತು. ಯಾರದ್ದೂ ಕೆಟ್ಟ ಮನಸ್ಸಲ್ಲ. ಅಲ್ಲಿ ತೋಟ ಇದೆ ಅಂತ ಎಲ್ಲಿಯೂ ಬರೆದಿರಲಿಲ್ಲ.

ಹಾಗಾಗಿ ಚರ್ಚ್‌ನ ಕೆಲಸಕಾರ್ಯ ನೋಡುವ ಪಾಲನಾ ಪರಿಷತ್ತಿನ ಸಭೆಯಲ್ಲಿ ವಿಷಯ ಇಡಿ. ಯಾವ ಜಾಗ, ಎಷ್ಟು ಉದ್ದ-ಅಗಲ, ಯಾರ ಜವಾಬ್ದಾರಿ ಅಂತ ನಿರ್ಣಯ ಪುಸ್ತಕದಲ್ಲಿ ಬರೆಸಿ. ಒಂದು ನಕ್ಷೆ ಅಂಟಿಸಿ. ಹಳೆ ಮರ ಕಡಿಯಬೇಕಾಗಿ ಬಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚರ್ಚ್ ಜಾಗ, ನಮ್ಮದೇ ಮರ ಅಂದರೆ ನಡೆಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗಕ್ಕೂ ಅನ್ವಯ.

ಗುಂಪಿಗೆ ಆರೇಳು ಜನ ಸಾಕು. ಅದರಲ್ಲಿ ಒಬ್ಬರಾದರೂ ಮನೆಯಲ್ಲಿ ನಿಜವಾಗಿ ತೋಟ ಮಾಡುವವರು ಇರಲಿ, ಒಬ್ಬರು ಚರ್ಚ್‌ಗೆ ನಡೆದು ಬರುವಷ್ಟು ಹತ್ತಿರದವರಿರಲಿ. ಚರ್ಚ್ ಗಂಟೆ ಹೊಡೆಯುವವರನ್ನು ಬಿಟ್ಟುಬಿಡಬೇಡಿ. ಬಾವಿಯ ಪಂಪಿನ ಕೀ ಅವರ ಕೈಯಲ್ಲೇ ಇರುತ್ತದೆ!

ಜನ ಈಗ ಎಲ್ಲಿ ನಿಲ್ಲುತ್ತಾರೆ ನೋಡಿ

ಎರಡು ಭಾನುವಾರ ಏನೂ ಮಾಡಬೇಡಿ. ಸುಮ್ನೆ ಒಂದು ಕಡೆ ನಿಂತು ನೋಡಿ. ಪೂಜೆ ಮುಗಿದ ಮೇಲೆ ಜನ ಎಲ್ಲಿ ಗುಂಪಾಗುತ್ತಾರೆ? ನಮ್ಮಲ್ಲಿ ಗಂಡಸರು ಗೇಟಿನ ಪಕ್ಕದ ಬಾದಾಮಿ ಮರದ ಕೆಳಗೆ, ಹೆಂಗಸರು ಗ್ರೊಟ್ಟೊ (ಮರಿಯಮ್ಮನ ಗುಹೆ) ಎದುರಿನ ಕಟ್ಟೆಯ ಹತ್ತಿರ. ಕ್ಯಾಟೆಕಿಸಂ (ಧರ್ಮೋಪದೇಶ ತರಗತಿ) ಮಕ್ಕಳು ಎಲ್ಲ ಕಡೆ. ಬೈಕ್ ಸ್ಟ್ಯಾಂಡಿನ ಹತ್ತಿರ ಒಬ್ಬ ಅಜ್ಜಿ ಪ್ರತಿ ಭಾನುವಾರ ನಿಂತೇ ಇರುತ್ತಿದ್ದರು. ಮೊಮ್ಮಗ ಕ್ಯಾಟೆಕಿಸಂ ಮುಗಿಸಿ ಬರುವವರೆಗೆ ಮುಕ್ಕಾಲು ಗಂಟೆ. ಅವರಿಗೆ ಕೂರಲು ಜಾಗವೇ ಇರಲಿಲ್ಲ. ನಮ್ಮ ಮೊದಲ ಬೆಂಚು ಬಂದದ್ದು ಅಲ್ಲಿಗೆ.

ಆಮೇಲೆ ವಾರದ ದಿನ ಮಧ್ಯಾಹ್ನ 3 ಗಂಟೆಗೆ ಒಮ್ಮೆ ಹೋಗಿ. ಭಾನುವಾರ ಕಾಣದವರು ಆಗ ಕಾಣುತ್ತಾರೆ. ಬಸ್ಸಿಗೆ ಕಾಯುವವರು, ಶಾಲೆ ಬಿಟ್ಟ ಮಕ್ಕಳನ್ನು ಕರೆದೊಯ್ಯಲು ಬಂದವರು, ಬಿಸಿಲಿಗೆ ಬಸವಳಿದ ಡೆಲಿವರಿ ಹುಡುಗರು. ಮಂಗಳವಾರ ಸಂತ ಅಂತೋನಿಯ ನೊವೆನಾ ಪ್ರಾರ್ಥನೆಗೆ ಬೇರೆ ಧರ್ಮದವರೂ ಬರುತ್ತಾರಲ್ಲ, ಅವರೂ. ಊರಿಗಾಗಿ ತೋಟ ಅಂದರೆ ಇವರಿಗಾಗಿಯೂ ಹೌದು.

ಒಂದು ಹಾಳೆಯಲ್ಲಿ ಗೆರೆ ಎಳೆದು ಇವಿಷ್ಟನ್ನು ಗುರುತು ಮಾಡಿ: ಜನ ನಿಲ್ಲುವ ಜಾಗ, ಮಧ್ಯಾಹ್ನದ ಬಿಸಿಲು ಬೀಳುವ ಕಡೆ, ಮಳೆನೀರು ಹರಿದು ಹೋಗುವ ದಾರಿ, ಬಾವಿ, ನಳ್ಳಿ, ಮೆರವಣಿಗೆ ಹೋಗುವ ದಾರಿ. ಈ ಕೊನೆಯದನ್ನು ಮರೆತರೆ ಹಬ್ಬದ ದಿನ ಜನ ನಿಮ್ಮ ಹೂವಿನ ಮಡಿ ತುಳಿದುಕೊಂಡೇ ಹೋಗುತ್ತಾರೆ. ತಪ್ಪು ಅವರದ್ದಲ್ಲ.

ನೀರಿನ ಲೆಕ್ಕ

ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಚರ್ಚ್‌ನ ಮಾಡು (ಛಾವಣಿ) 300 ಚದರ ಮೀಟರ್ ಇದೆ ಅಂತ ಇಟ್ಟುಕೊಳ್ಳಿ. 300ನ್ನು 3.5ರಿಂದ ಗುಣಿಸಿದರೆ 1,050 ಘನ ಮೀಟರ್. ಚೆಲ್ಲಿಹೋಗುವುದು, ಆವಿಯಾಗುವುದು ಎಲ್ಲ ಕಳೆದು 80 ಶೇಕಡ ಸಿಕ್ಕಿದರೂ 8 ಲಕ್ಷ 40 ಸಾವಿರ ಲೀಟರ್. ಇಷ್ಟು ನೀರು ಪ್ರತಿ ವರ್ಷ ಹಂಚಿನ ಮೇಲಿಂದ ಇಳಿದು, ಚರಂಡಿ ಸೇರಿ, ಕಡಲಿಗೆ ಹೋಗುತ್ತದೆ. ಮಾರ್ಚ್‌ನಲ್ಲಿ ನಾವು ಟ್ಯಾಂಕರ್‌ಗೆ ಫೋನ್ ಮಾಡುತ್ತೇವೆ. ಹೇಗಿದೆ ನೋಡಿ.

ಇಷ್ಟನ್ನೂ ಟಾಂಕಿಯಲ್ಲಿ ಹಿಡಿದಿಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ತೆರೆದ ಬಾವಿ ಇದ್ದರೆ ಅದಕ್ಕೆ ಇಂಗಿಸಿ. ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿ, ಪೈಪಿನಲ್ಲಿ ನೀರು ಇಳಿಸಿ, ಬಾವಿಯ ಪಕ್ಕ ಒಂದು ಸೋಸು ಗುಂಡಿ ಮಾಡಬೇಕು. ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಎಲ್ಲಕ್ಕಿಂತ ಮೇಲೆ ಮರಳು. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಿ. ಮಾಡಿನ ಮೇಲಿನ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲಿ ಇರುತ್ತದೆ. ಅದಕ್ಕೇ ಪೈಪಿಗೆ ಒಂದು ತಿರುಗಿಸುವ ವಾಲ್ವ್ ಬೇಕು. ಮರಳನ್ನು ಪ್ರತಿ ಮೇ ತಿಂಗಳು ತೆಗೆದು ತೊಳೆಯಿರಿ. ಇದೆಲ್ಲ ಮಳೆಗೆ ಮೊದಲೇ ಆಗಬೇಕಾದ ಕೆಲಸ. ಈ ವರ್ಷ ತಡವಾಗಿದ್ದರೆ ಗಿಡ ಕಡಿಮೆ ನೆಡಿ.

ಇಂಗಿಸಿದರೂ ಬೇಸಿಗೆಯಲ್ಲಿ ನೀರನ್ನು ಹಿಡಿದು ಖರ್ಚು ಮಾಡಬೇಕು. ನಾವು ಕಂಡ ಹಾಗೆ ಹಳೆ ಉಪಾಯವೇ ಒಳ್ಳೆಯದು: ಮಣ್ಣಿನ ಮಡಕೆ. ಸುಮಾರು 5 ಲೀಟರ್ ಹಿಡಿಯುವ, ಬಣ್ಣ ಹಚ್ಚದ ಮಡಕೆಯನ್ನು ಎಳೆಗಿಡದ ಬುಡದಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂಳಿ. ನೀರು ತುಂಬಿ ಬಾಯಿ ಮುಚ್ಚಿ. ನೀರು ಗೋಡೆಯಿಂದ ಜಿನುಗಿ ಬೇರಿಗೆ ಹೋಗುತ್ತದೆ. ಮೂರ್ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಆಯಿತು. ಮುಚ್ಚಳ ಮರೆಯಬೇಡಿ, ಸೊಳ್ಳೆ ಮೊಟ್ಟೆ ಇಡುತ್ತದೆ. ಮಲೇರಿಯಾ, ಡೆಂಗ್ಯೂ ಎರಡನ್ನೂ ಕಂಡವರು ನಾವು. ಹೂಕುಂಡದ ಅಡಿಯ ತಟ್ಟೆಗಳನ್ನೂ ಇದೇ ಕಾರಣಕ್ಕೆ ತೆಗೆದು ಹಾಕಿದೆವು. ತಾವರೆ ಕೊಳ ಬೇಕೇ ಬೇಕು ಅಂತ ಹಟ ಹಿಡಿದವರಿದ್ದರೆ ಅದಕ್ಕೆ ಗಪ್ಪಿ ಮೀನು ಬಿಡಿ.

ಗುಂಡಿ, ಮಣ್ಣು

ಮುರಕಲ್ಲಿನ ನೆಲದಲ್ಲಿ ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಹಾಗೆ ಕೇಳಿದ ಕಡೆ ಸಣ್ಣ ಗುಂಡಿ ಮಾಡಿ ಗಿಡ ಇಟ್ಟರೆ ಅದು ಕುಂಡದಲ್ಲಿ ಬೆಳೆದ ಹಾಗೆ. ಎರಡು ವರ್ಷ ಚೆನ್ನಾಗಿರುತ್ತದೆ, ಆಮೇಲೆ ನಿಂತುಬಿಡುತ್ತದೆ. ಮರದ ಗಿಡಕ್ಕೆ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ ಬೇಕು. ಮಣ್ಣು ಸ್ವಲ್ಪ ಮೆದು ಇದ್ದರೆ 2 ಅಡಿ ಸಾಕು. ಏಪ್ರಿಲ್-ಮೇ ತಿಂಗಳಲ್ಲಿ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣು, ಹಳೆ ಹಟ್ಟಿಗೊಬ್ಬರ, ಸುಡುಮಣ್ಣು ಸೇರಿಸಿ ತುಂಬಿಸಿ. ಸುಡುಮಣ್ಣು ಹೇಗೆ ಮಾಡುವುದು ಅಂತ ನಿಮ್ಮ ಚರ್ಚ್‌ನ ಹಿರಿಯರನ್ನೇ ಕೇಳಿ. ತರಗೆಲೆ, ಕಸಕಡ್ಡಿ ಮೇಲೆ ಮಣ್ಣು ಮುಚ್ಚಿ ಹೊಗೆಯಾಡಿಸುವ ಆ ಕೆಲಸ ಅವರಿಗೆ ಕಣ್ಣುಮುಚ್ಚಿ ಬರುತ್ತದೆ. ಆ ನೆಪದಲ್ಲಿ ಅವರೂ ತೋಟಕ್ಕೆ ಬಂದ ಹಾಗಾಯಿತು.

ನಮ್ಮ ಮಣ್ಣಲ್ಲಿ ಹುಳಿ ಜಾಸ್ತಿ. ಗೊಬ್ಬರ ತುಂಬುವ ಮೊದಲೇ ಗುಂಡಿಗೆ ಒಂದೆರಡು ಹಿಡಿ ಕೃಷಿ ಸುಣ್ಣ ಹಾಕಿ, ಎರಡು ವಾರ ಬಿಟ್ಟು ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಪಕ್ಕಾ ಗೊತ್ತಾಗಬೇಕಿದ್ದರೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೋ ಮಣ್ಣು ತೆಗೆದುಕೊಂಡು ಹೋಗಿ ವಿಚಾರಿಸಿ.

ಸುಡುಮಣ್ಣಿಗೆ ಬೇಕಾದಷ್ಟು ಬಿಟ್ಟು ಉಳಿದ ತರಗೆಲೆ ಸುಡುವುದನ್ನು ನಿಲ್ಲಿಸಿ. ಚರ್ಚ್ ಅಂಗಳ ಗುಡಿಸಿ ಮೂಲೆಯಲ್ಲಿ ಬೆಂಕಿ ಹಾಕುವುದು ಎಲ್ಲ ಕಡೆಯ ಅಭ್ಯಾಸ. ಅದೇ ಎಲೆಯನ್ನು ಗಿಡದ ಬುಡಕ್ಕೆ ಅರ್ಧ ಅಡಿ ದಪ್ಪಕ್ಕೆ ಹರಡಿ. ಬೇಸಿಗೆಯಲ್ಲಿ ಕೈ ಹಾಕಿ ನೋಡಿದರೆ ಎಲೆಯ ಕೆಳಗೆ ಮಣ್ಣು ತಂಪಾಗಿ ಇರುತ್ತದೆ. ಬುಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ನಾಲ್ಕು ಬೆರಳು ಬಿಟ್ಟು ಹಾಕಿ.

ಗೇಟು, ದಾರಿ, ಬೆಂಚು

ಅನೇಕ ಚರ್ಚ್‌ಗಳಲ್ಲಿ ತೋಟ ಇದೆ. ಆದರೆ ಸುತ್ತ ಸರಪಳಿ, ಹುಲ್ಲಿನ ಮೇಲೆ "ಕಾಲಿಡಬೇಡಿ" ಬೋರ್ಡು. ನೋಡಲು ಚೆಂದ, ಕೂರಲು ಜಾಗ ಇಲ್ಲ. ಅಂಥ ತೋಟಕ್ಕೆ ಯಾರು ಬರುತ್ತಾರೆ?

ಗೇಟಿನ ಒಂದು ಬಾಗಿಲಾದರೂ ತೆರೆದೇ ಇರಲಿ. ಮುಚ್ಚಿದ ಗೇಟು ನೋಡಿದರೆ ಹೊರಗಿನವರು ತಳ್ಳಿ ಒಳಗೆ ಬರುವುದಿಲ್ಲ. ಬೀಗ ಇಲ್ಲದಿದ್ದರೂ ಬರುವುದಿಲ್ಲ. ಗೇಟಿನ ಪಕ್ಕ ಕನ್ನಡದಲ್ಲಿ ಒಂದು ಸಣ್ಣ ಬೋರ್ಡು: "ಬನ್ನಿ, ಕೂತು ಹೋಗಿ. ಬೆಳಿಗ್ಗೆ 6ರಿಂದ ಸಂಜೆ 7. ಕುಡಿಯುವ ನೀರು ಎಡಗಡೆ." ನಾವು ಇಷ್ಟೇ ಬರೆದದ್ದು. ಬೋರ್ಡು ಹಾಕಿದ ವಾರವೇ ಎದುರಿನ ಅಂಗಡಿಯ ಅಕ್ಕ ಬಂದು ಕೇಳಿದರು: "ಪೊರ್ಬುಳೇ, ಇದು ನಮಗೂವಾ?" (ಕ್ರೈಸ್ತರನ್ನು ಇಲ್ಲಿ ಹಾಗೆ ಕರೆಯುತ್ತಾರೆ.) ನಲ್ವತ್ತು ವರ್ಷದಿಂದ ಎದುರಿಗೇ ಅಂಗಡಿ. ಒಳಗೆ ಬಂದದ್ದು ಮದುವೆ, ಮರಣಕ್ಕೆ ಮಾತ್ರ.

ದಾರಿ ಕನಿಷ್ಠ 4 ಅಡಿ ಅಗಲ ಇರಲಿ. ಗಾಲಿಕುರ್ಚಿ ಹೋಗಬೇಕು, ಪಕ್ಕದಲ್ಲಿ ಹಿಡಿದುಕೊಂಡು ನಡೆಯುವವರಿಗೂ ಜಾಗ ಬೇಕು. ಮೆಟ್ಟಿಲು ಇರುವ ಕಡೆ ಒಂದು ಇಳಿಜಾರೂ ಮಾಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದಕ್ಕಿಂತ ಕಡಿದಾದರೆ ತಳ್ಳುವವರ ಕೈ ಸೋಲುತ್ತದೆ. ನಯವಾದ ಟೈಲ್ಸ್ ದಯವಿಟ್ಟು ಹಾಕಬೇಡಿ. ಜುಲೈಯಲ್ಲಿ ಪಾಚಿ ಹಿಡಿದು ಜಾರಿ ಬೀಳುತ್ತಾರೆ. ಒರಟು ಕಲ್ಲು, ಇಲ್ಲವೇ ಮುರಕಲ್ಲಿನ ಚಪ್ಪಡಿ ಸಾಕು. ಅದನ್ನೂ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು.

ಇಂಟರ್‌ಲಾಕ್ ಬಗ್ಗೆ ಒಂದು ಮಾತು. ಪಾರ್ಕಿಂಗ್‌ಗೆ ಬೇಕು, ಒಪ್ಪುತ್ತೇನೆ. ಆದರೆ ಇಡೀ ಅಂಗಳಕ್ಕೆ ಹಾಕಿದರೆ ಏಪ್ರಿಲ್‌ನಲ್ಲಿ ಕಾದ ದೋಸೆ ಕಾವಲಿ ಆಗುತ್ತದೆ. ಇರುವ ಮರದ ಸುತ್ತ 5 ಅಡಿ ಚೌಕವಾದರೂ ಬರೀ ಮಣ್ಣು ಬಿಡಿಸಿ. ಕಾಂಟ್ರಾಕ್ಟರ್ ಬುಡದವರೆಗೂ ಕೂರಿಸಿಬಿಡುತ್ತಾನೆ, ಹೋಗಿ ನಿಂತು ಹೇಳಬೇಕು.

ಬೆಂಚಿಗೆ ಬೆನ್ನು ಬೇಕು, ಕೈಯೂ ಬೇಕು. ವಯಸ್ಸಾದವರು ಏಳುವಾಗ ಹಿಡಿಯುವುದು ಆ ಕೈಯನ್ನೇ. ಎತ್ತರ ಒಂದೂವರೆ ಅಡಿ. ಎರಡು ಬೆಂಚು ಎದುರುಬದುರು ಇದ್ದರೆ ಮಾತು ಹುಟ್ಟುತ್ತದೆ, ಒಂದೇ ಸಾಲಿನಲ್ಲಿದ್ದರೆ ಬಸ್ ಸ್ಟ್ಯಾಂಡ್ ಆಗುತ್ತದೆ. ಒಂದು ಬೆಂಚನ್ನು ಮಾತ್ರ ದೂರದಲ್ಲಿ, ಸಿಮೆಟ್ರಿ ಕಡೆಗೆ ಮುಖ ಮಾಡಿ ಇಡಿ. ಒಬ್ಬರೇ ಕೂರಬೇಕು ಅನಿಸಿದವರಿಗೆ. ದಾನಿಗಳ ಹೆಸರು ಬೆಂಚಿನ ಬೆನ್ನಿನ ಮೇಲೆ ದೊಡ್ಡದಾಗಿ ಬರೆಸುವ ಪದ್ಧತಿ ನನಗೆ ಹಿಡಿಸುವುದಿಲ್ಲ, ಆದರೆ ಬೆಂಚು ಬರುವುದೇ ಹಾಗೆ. ಹಿಂಬದಿಯಲ್ಲಿ ಬರೆಸಿ ಅಂದೆ. ಒಪ್ಪಿದರು.

ಮರ: ಸ್ವಲ್ಪ, ಆದರೆ ಸರಿಯಾದ್ದು

ಮೊದಲ ವರ್ಷ 8ರಿಂದ 10 ಮರದ ಗಿಡ ಸಾಕು. ನೆರಳಿಗೆ ನನ್ನ ಮೊದಲ ಆಯ್ಕೆ ರಂಜೆ. ನಿಧಾನ ಬೆಳೆಯುತ್ತದೆ, ಆದರೆ ವರ್ಷವಿಡೀ ದಟ್ಟ ಎಲೆ. ಉದುರಿದ ಹೂವನ್ನು ಮಕ್ಕಳು ಹೆಕ್ಕಿ ಪೋಣಿಸುತ್ತಾರೆ. ಒಣಗಿದರೂ ಪರಿಮಳ ಹೋಗುವುದಿಲ್ಲ. ಕಡಲ ಕರೆಯ ಚರ್ಚ್ ಆದರೆ ಸುರಹೊನ್ನೆ ಹಾಕಿ, ಉಪ್ಪುಗಾಳಿಗೆ ಹೆದರದ ಮರ. ಪುನರ್ಪುಳಿ ಅರೆನೆರಳಲ್ಲೂ ಬರುತ್ತದೆ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡ ನೆಟ್ಟು ಏಳೆಂಟು ವರ್ಷ ಕಾದು ಕೊನೆಗೆ ಗಂಡು ಅಂತ ಗೊತ್ತಾದರೆ ಬೇಸರ. ಕಸಿ ಗಿಡವನ್ನೇ ತನ್ನಿ. ಒಂದು ನೆಲ್ಲಿ, ಒಂದು ಬಿಂಬುಳಿ, ಎರಡು ಪೇರಳೆ ಹಾಕಿ. ಕಸಿ ಗೇರು ಬೇಕಿದ್ದರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ. ಉಳಿದ ಗಿಡಗಳಿಗೆ ಅರಣ್ಯ ಇಲಾಖೆ, ತೋಟಗಾರಿಕಾ ಇಲಾಖೆಯ ನರ್ಸರಿಗಳಲ್ಲಿ ಖಾಸಗಿಯವರಿಗಿಂತ ಕಡಿಮೆ ದರ.

ಗೇರು, ಪೇರಳೆ, ಪಪ್ಪಾಯಿ, ಅನಾನಸು ಎಲ್ಲವೂ ಪೋರ್ಚುಗೀಸರ ಹಡಗಿನಲ್ಲಿ ಈ ಕರಾವಳಿಗೆ ಬಂದವು ಅನ್ನುತ್ತಾರೆ. ಈಗ ಅವು ನಮ್ಮವಲ್ಲ ಅಂದರೆ ಯಾರು ಒಪ್ಪುತ್ತಾರೆ?

ಗೋಡೆಯಿಂದ ದೂರ ಇಡಿ. ಸಾಧಾರಣ ಮರಕ್ಕೆ 20 ಅಡಿ, ಹಲಸು-ಮಾವಿಗೆ 30 ಅಡಿ. ಹಲಸನ್ನೂ ತೆಂಗನ್ನೂ ಬೆಂಚಿನ ಮೇಲೆ, ಕಾರಿನ ಮೇಲೆ ಬರದ ಹಾಗೆ ನೆಡಿ. ನೇರಳೆ ಹಣ್ಣು ಉದುರಿದರೆ ಭಾನುವಾರದ ಬಿಳಿ ಬಟ್ಟೆಗೆ ಕಲೆ. ಅದು ಹಿಂದಿನ ಅಂಗಳಕ್ಕೆ ಸರಿ. ಎರಡು ತೆಂಗಿನ ಮರವನ್ನು ಗರಿಗಳ ಭಾನುವಾರಕ್ಕೆ ಅಂತ ಬಿಟ್ಟಿಡಿ. ಎಳೆ ಗರಿಗೆ ಪ್ರತಿ ವರ್ಷ ಮನೆ ಮನೆ ಕೇಳುವ ಕೆಲಸ ತಪ್ಪುತ್ತದೆ.

ಅಕೇಶಿಯಾ ಬೇಡವೇ ಬೇಡ. ಗುಲ್‌ಮೊಹರ್ ಚೆಂದ ನಿಜ, ಆದರೆ ಮಳೆಗಾಲದ ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಕಣಗಿಲೆ ವಿಷ. ಮಕ್ಕಳು ಆಡುವ ಕಡೆ ಬೇಡ.

ನೊವೆನಾಕ್ಕೆ ಹೂ: ಹಿಂದಕ್ಕೆ ಎಣಿಸಿ

ನನಗೆ ಇಡೀ ತೋಟದಲ್ಲಿ ಅತ್ಯಂತ ಖುಷಿ ಕೊಡುವ ಕೆಲಸ ಇದು. ಸೆಪ್ಟೆಂಬರ್ 8 ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟಿದ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಿಂದ ಈ ಹೆಸರು ಬಂತು. 1763ರಿಂದ ಅಲ್ಲಿ ಈ ಹಬ್ಬ ಶುರುವಾಯಿತು ಅನ್ನುತ್ತಾರೆ. ಅದಕ್ಕೆ ಮೊದಲು ಒಂಬತ್ತು ದಿನ, ಆಗಸ್ಟ್ 30ರಿಂದ, ಮಕ್ಕಳು ದಿನಾ ಹರಿವಾಣದಲ್ಲಿ ಹೂ ತಂದು ಬಾಲಮರಿಯಮ್ಮನಿಗೆ ಅರ್ಪಿಸುತ್ತಾರೆ. ಈಗ ಪೇಟೆಯ ಮನೆಗಳಲ್ಲಿ ಹೂ ಎಲ್ಲಿ? ಫ್ಲ್ಯಾಟಿನ ಮಕ್ಕಳು ಅಂಗಡಿಯಿಂದ ಸೇವಂತಿಗೆ ಕೊಂಡು ತರುತ್ತಾರೆ. ಚರ್ಚ್ ತೋಟದಲ್ಲೇ ಹೂ ಇದ್ದರೆ ಅವರೇ ಕೊಯ್ಯಬಹುದಲ್ವಾ?

ಆಗಸ್ಟ್ 30ರಿಂದ ಹಿಂದಕ್ಕೆ ಎಣಿಸಿ. ಗೊಂಡೆಗೆ (ಚೆಂಡು ಹೂ) ಬೀಜದಿಂದ ಹೂವಿಗೆ 60 ದಿನದಷ್ಟು ಬೇಕು. ಮಳೆ-ಮೋಡಕ್ಕೆ ಇನ್ನೊಂದು ವಾರ ಸೇರಿಸಿ. ಅಂದರೆ ಜೂನ್ 20ರ ಸುಮಾರಿಗೆ ಬೀಜ ಹಾಕಬೇಕು. ನೇರ ಮಡಿಗೆ ಹಾಕಿದರೆ ಜಡಿಮಳೆಗೆ ಕೊಚ್ಚಿಹೋಗುತ್ತದೆ. ಕ್ಯಾಟೆಕಿಸಂ ತರಗತಿಯ ಜಗಲಿಯಲ್ಲಿ, ಮಾಡಿನ ಕೆಳಗೆ, ಟ್ರೇಯಲ್ಲಿ ಬಿತ್ತಿ. ನಾಲ್ಕು ಎಲೆ ಬಂದ ಮೇಲೆ ಜುಲೈ ಮಧ್ಯದಲ್ಲಿ ಏರುಮಡಿಗೆ ನೆಡಿ. ಗೌರಿ ಹೂ ಮತ್ತು ಜೀನಿಯಾಕ್ಕೂ ಇದೇ ಲೆಕ್ಕ. ಗೌರಿ ಹೂ ನಮ್ಮ ಮಳೆಗೇ ಹುಟ್ಟಿದ ಹೂ. ಒಮ್ಮೆ ಹಾಕಿದರೆ ಬೀಜ ಸಿಡಿದು ಮರುವರ್ಷ ಕೇಳದೆಯೇ ಬರುತ್ತದೆ. ಡೇರೆ ಗಡ್ಡೆಯನ್ನು ಮೇ ಕೊನೆಗೇ ನೆಟ್ಟುಬಿಡಿ, ಕೋಲು ಕಟ್ಟಿ. ಇವು ಕೈಕೊಟ್ಟರೂ ದಾಸವಾಳ, ಕೇಪಳ, ನಂದಿಬಟ್ಟಲು ಇದ್ದೇ ಇರುತ್ತವೆ. ಬೇಲಿಯ ಉದ್ದಕ್ಕೂ ಅವನ್ನು ಜೂನ್‌ನಲ್ಲೇ ಕಡ್ಡಿ ಊರಿ ಎಬ್ಬಿಸಿ.

ಮೊದಲ ವರ್ಷ ನಮ್ಮ ಗೊಂಡೆ ಹೂ ಬಿಟ್ಟದ್ದು ಸೆಪ್ಟೆಂಬರ್ 14ಕ್ಕೆ. ತಡವಾಗಿ ಬಿತ್ತಿದ್ದೆವು. ನೊವೆನಾ ಪೂರ್ತಿ ಕೇಪಳದಲ್ಲೇ ಕಳೆಯಿತು. ಒಬ್ಬಳು ಪುಟ್ಟ ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. ಅವಳೇ ನೀರು ಹಾಕಿದ ಗಿಡ ಅದು. ಹಬ್ಬ ಮುಗಿದ ಮುಂದಿನ ಭಾನುವಾರ ಒಂದೇ ಒಂದು ಗೊಂಡೆ ಹಿಡಿದುಕೊಂಡು ಬಂದಳು, "ಮರಿಯಮ್ಮನಿಗೆ ಲೇಟಾಗಿ ಕೊಟ್ಟರೆ ಆಗ್ತದಾ?" ಅಂತ. ಫಾದರ್ ಅವಳನ್ನು ಕರೆದು ಅಲ್ತಾರಿನ (ಪೂಜಾಪೀಠದ) ಮೇಲೆ ಅವಳ ಕೈಯಲ್ಲೇ ಇಡಿಸಿದರು.

ಮಲ್ಲಿಗೆ ಬಗ್ಗೆ ಕೇಳುತ್ತೀರಿ, ಗೊತ್ತು. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೇ ಇದೆ, ಶಂಕರಪುರದ ಅನೇಕ ಮನೆಗಳು ಅದರಿಂದಲೇ ನಡೆದಿವೆ. ನಾಲ್ಕೈದು ಗಿಡ ಖಂಡಿತ ಹಾಕಿ, ಪೂರ್ತಿ ಬಿಸಿಲು ಬೀಳುವ, ನೀರು ನಿಲ್ಲದ ಕಡೆ. ನೆಲಗಡಲೆ ಹಿಂಡಿ ನೆನೆಸಿದ ನೀರು ಅದಕ್ಕೆ ಇಷ್ಟ. ಆದರೆ ಅದು ಜಾಸ್ತಿ ಬಿಡುವುದು ಬೇಸಿಗೆಯಲ್ಲಿ. ಆಗ ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ, ಅಲ್ತಾರಿಗೆ ಹೂವೇ ಇಡುವುದಿಲ್ಲ. ಆ ಮಲ್ಲಿಗೆ ಯಾರ ಮುಡಿಗೆ ಹೋಗಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಇದೇ ದೊಡ್ಡ ಜಗಳ ಆಗಿತ್ತು.

ಹಬ್ಬದೂಟಕ್ಕೆ ತರಕಾರಿ

ಮೊಂತಿ ಫೆಸ್ತ್ ಊಟದಲ್ಲಿ ಮೀನು-ಮಾಂಸ ಇಲ್ಲ. ತರಕಾರಿ ಬೆಸ ಸಂಖ್ಯೆಯಲ್ಲಿ: 3, 5, 7, 9. ಚರ್ಚ್ ತೋಟದಿಂದ ಐದು ತರಕಾರಿ ಅಂತ ಗುರಿ ಇಟ್ಟುಕೊಳ್ಳಿ. ಊರ ಬೆಂಡೆ, ಅಲಸಂದೆ, ಹೀರೆ ಇವಕ್ಕೆ ಸುಮಾರು ಎರಡು ತಿಂಗಳು. ಜುಲೈ ಮೊದಲ ವಾರದೊಳಗೆ ಬೀಜ ಹಾಕಿ. ಹರಿವೆ 35 ದಿನಕ್ಕೇ ಕೊಯ್ಲಿಗೆ ಬರುತ್ತದೆ, ಜುಲೈ ಕೊನೆಗೆ ಸಾಕು. ಕೆಸು ಒದ್ದೆ ಜಾಗ ಇದ್ದರೆ ತಾನೇ ಬರುತ್ತದೆ.

ಮಡಿ ನೆಲಕ್ಕಿಂತ ಒಂದು ಅಡಿ ಎತ್ತರ ಇರಲಿ, ನಡುವೆ ಕಣಿ ತೆಗೆಯಿರಿ. ಬೇರು ಒಂದು ದಿನ ನೀರಲ್ಲಿ ನಿಂತರೂ ಕೊಳೆಯುತ್ತದೆ. ಮಡಿಯ ಅಗಲ 4 ಅಡಿಗಿಂತ ಜಾಸ್ತಿ ಬೇಡ. ಎರಡೂ ಕಡೆಯಿಂದ ಕೈ ಚಾಚಿದರೆ ನಡುವೆ ಎಟುಕಬೇಕು. ಒಂದು ಮಡಿಯನ್ನು ಸೊಂಟದ ಎತ್ತರಕ್ಕೆ ಕಲ್ಲು ಕಟ್ಟಿ ಎತ್ತರಿಸಿದರೆ ಬಗ್ಗಲಾಗದ ಹಿರಿಯರೂ ಕೆಲಸ ಮಾಡುತ್ತಾರೆ. ಬಸಳೆ, ತೊಂಡೆ ಚಪ್ಪರವನ್ನು ದಾರಿಯ ಮೇಲೇ ಹಬ್ಬಿಸಿ, ನೆರಳೂ ಆಗುತ್ತದೆ.

ಕೊಯ್ದದ್ದನ್ನು ಏನು ಮಾಡುವುದು? ಏಲಂ ಮಾಡೋಣ ಅಂದರು ಕೆಲವರು. ನಾವು ಬೇರೆ ದಾರಿ ಹಿಡಿದೆವು. ಗೇಟಿನ ಒಳಗೆ ಒಂದು ಬುಟ್ಟಿ: "ಬೇಕಾದವರು ತೆಗೆದುಕೊಳ್ಳಿ, ಇದ್ದವರು ಹಾಕಿ." ಮೊದಲ ತಿಂಗಳು ಬುಟ್ಟಿ ಬರೀ ಖಾಲಿ ಆಗುತ್ತಿತ್ತು. ಆಮೇಲೆ ಯಾರೋ ನುಗ್ಗೆಸೊಪ್ಪು ಇಟ್ಟು ಹೋದರು. ಇನ್ನೊಂದು ದಿನ ಅರ್ಧ ಗೋಣಿ ಸೌತೆಕಾಯಿ. ಯಾರೆಂದು ಗೊತ್ತಿಲ್ಲ.

ಮುಟ್ಟದೆ ಬಿಡುವ ಮೂಲೆ

ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದಲ್ಲಿ ಒಂದು ಭಾಗವನ್ನು ಯಾವಾಗಲೂ ಹಾಗೇ ಬಿಡಬೇಕು, ಕಾಡು ಹೂ, ಸೊಪ್ಪು ಅಲ್ಲಿ ಬೆಳೆಯಲಿ ಅಂತ ಹೇಳಿದ್ದರು. ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ 2015ರಲ್ಲಿ ಬರೆದ ಲಾವ್ದಾತೊ ಸಿ ಪತ್ರದಲ್ಲಿ ಇದನ್ನು ನೆನಪಿಸಿದ್ದಾರೆ. ಸಿಮೆಟ್ರಿಯ ಹಿಂದಿನ ಮೂಲೆ ನಮ್ಮಲ್ಲಿ ಅಂಥದ್ದು. ತುಂಬೆ, ನಾಚಿಕೆ ಮುಳ್ಳು, ತಿಮರೆ ಎಲ್ಲ ಇದೆ. ಚಿಟ್ಟೆಗಳು ನಮ್ಮ ಗೊಂಡೆಗಿಂತ ಅಲ್ಲೇ ಜಾಸ್ತಿ. ಹಾವಿನ ಹೆದರಿಕೆ ಇದ್ದೇ ಇದೆ. ಅದಕ್ಕೆ ದಾರಿಯಿಂದ 15 ಅಡಿಯೊಳಗೆ ಹುಲ್ಲು ಸವರಿಡಿ, ಕಲ್ಲು-ಕಟ್ಟಿಗೆ ರಾಶಿ ಹಾಕಬೇಡಿ. ಸಂಜೆ ದಾರಿಗೆ ಬೆಳಕು ಇರಲಿ.

ಫೆಬ್ರವರಿ ಬಂತು

ಈಗ ಮೊದಲಿನ ಪ್ರಶ್ನೆ: ನೀರು ಹೊಯ್ಯುವವರು ಯಾರು? ನಮ್ಮ ಚರ್ಚ್‌ಗೆ 14 ವಾಳೆ, ಅಂದರೆ ಮನೆಗಳ ವಾರ್ಡು. ಫೆಬ್ರವರಿ ಕೊನೆಯ ವಾರದಿಂದ ಮೇ ಕೊನೆಯವರೆಗೆ ಸರಿಯಾಗಿ 14 ವಾರ. ವಾಳೆಗೊಂದು ವಾರ. ಆ ವಾಳೆಯ ಮುಖಂಡರಾದ ಗುರ್ಕಾರರು ಇಬ್ಬರನ್ನು ಗೊತ್ತುಮಾಡಬೇಕು. ಮರದ ಗಿಡಕ್ಕೆ ವಾರಕ್ಕೆ ಎರಡು ಸಲ ಒಂದು ಕೊಡ ನೀರು, ಮಡಕೆಗಳಿಗೆ ಎರಡು ಸಲ ತುಂಬಿಸುವುದು, ಮಲ್ಲಿಗೆಗೆ ದಿನ ಬಿಟ್ಟು ದಿನ. ಸಂಜೆ ಮಾಡಿದರೆ ಒಂದು ಗಂಟೆಯ ಕೆಲಸ. ಭಾನುವಾರ ಪ್ರಕಟಣೆಯಲ್ಲಿ ಆ ವಾರದ ವಾಳೆಯ ಹೆಸರು ಓದಿಸಿ. ಹೆಸರು ಓದಿದರೆ ಸಾಕು, ಯಾರೂ ತಪ್ಪಿಸುವುದಿಲ್ಲ. ನಾಚಿಕೆ ಅಂತ ಒಂದಿದೆಯಲ್ಲ.

ಪ್ರತಿ ಗಿಡಕ್ಕೆ ಒಂದು ತಗಡಿನ ನಂಬರ್ ಕಟ್ಟಿ, ಒಂದು ನೋಟ್‌ಬುಕ್ ಇಡಿ. ಯಾವ ಗಿಡ, ಯಾವಾಗ ನೆಟ್ಟದ್ದು, ಯಾವಾಗ ಸತ್ತದ್ದು. ಸತ್ತದ್ದನ್ನೂ ಬರೆಯಿರಿ. ನಮ್ಮಲ್ಲಿ ಎರಡನೇ ಸಲ 10 ಮರದ ಗಿಡ ನೆಟ್ಟು 8 ಉಳಿದವು. ಎರಡು ಸತ್ತದ್ದು ಪೆಂಡಾಲಿನ ಕಂಬ ಹುಗಿಯುವಾಗ ಬೇರು ಕಡಿದು. ಮರುವರ್ಷದಿಂದ ಹಬ್ಬಕ್ಕೆ ಮೊದಲು ಪೆಂಡಾಲಿನವರಿಗೆ ನಕ್ಷೆ ಕೊಡುತ್ತೇವೆ.

ಆ ನೋಟ್‌ಬುಕ್ ಈಗ ಪಂಪಿನ ಕೀ ಜೊತೆ ಒಂದೇ ಮೊಳೆಗೆ ನೇತಾಡುತ್ತದೆ. ಕಳೆದ ಮೇ ತಿಂಗಳಲ್ಲಿ ಹೊಸ ಫಾದರ್ ಬಂದಾಗ ಗಂಟೆ ಹೊಡೆಯುವವರು ಚರ್ಚ್ ಬೀಗದ ಕೈಗಳ ಜೊತೆ ಅದನ್ನೂ ಒಪ್ಪಿಸಿದರು. ಫಾದರ್ ಎರಡು ಪುಟ ತಿರುವಿ ನೋಡಿ, "ಈ ವಾರ ಯಾವ ವಾಳೆ?" ಅಂತ ಕೇಳಿದರು.